‘ಯಾಕೆ’ ಎಂದು ಕೇಳುವ ಸೋಮಶೇಖರ್

ನಿಂತುಹೋದ ಸರ್ವರ್ ಯಂತ್ರವನ್ನು ಕಾರಣ ತಿಳಿಯದೆ ಮತ್ತೆ ಚಾಲೂ ಮಾಡಲು ಬಟವಾಡಿ ಬಡಾವಣೆಯ ಕಂಪ್ಯೂಟರ್ ತಂತ್ರಜ್ಞ ಸೋಮಶೇಖರ್ ಒಪ್ಪುವುದಿಲ್ಲ. ಗಿರಾಕಿ ಫೋನಿನಲ್ಲಿ ಕೂಗಾಡಲಿ, ಕೈಮುಗಿಯಲಿ, ಹಣೆಯ ವಿಭೂತಿಯ ಮೇಲೆ ಬೆರಳಾಡಿಸುತ್ತಾ ಅವರು ಹೇಳುವುದು ಒಂದೇ ಮಾತು: “ಮೊದ್ಲು ಯಾಕೆ ಅಂತ ನೋಡ್ಬೇಕು.” ರೀಸ್ಟಾರ್ಟ್ ಮಾಡಿದರೆ ಕೆಲಸವೇನೋ ನಡೆಯುತ್ತದೆ, ಆದರೆ ರೋಗದ ಗುರುತೂ ಅಳಿಸಿಹೋಗುತ್ತದೆ ಎಂಬುದು ಅವರ ವಾದ. ಗುಬ್ಬಿಯ ಕೊಬ್ಬರಿ ವ್ಯಾಪಾರಿ ಬೀರಯ್ಯ ಒಮ್ಮೆ ರೇಗಿ, “ಅದಕ್ಕೇನು ಪೋಸ್ಟ್‌ಮಾರ್ಟಂ ಮಾಡ್ತೀರೇನ್ರೀ? ಎಬ್ರಿಸಿ ಅತ್ಲಾಗೆ!” ಎಂದದ್ದೂ ಉಂಟು. ಬೇಸಿಗೆಯಲ್ಲೂ ಮೈಬಿಡದ ಕಂದು ಬಣ್ಣದ ತೋಳಿಲ್ಲದ ಸ್ವೆಟರು, ಲ್ಯಾಪ್‌ಟಾಪ್ ಚೀಲದ ಭಾರಕ್ಕೆ ಎಡಕ್ಕೆ ವಾಲಿದ ನಡಿಗೆ, ಜೊತೆಗೆ ಈ ಹಟ.

ಮೊದಲು ಹೀಗಿರಲಿಲ್ಲ. ಬಿದ್ದ ಪ್ರೋಗ್ರಾಂ ತಾನಾಗಿಯೇ ಏಳುವ ಏರ್ಪಾಡು ಮಾಡಿಟ್ಟು, ಅದು ಎಷ್ಟು ಸಲ ಸತ್ತಿತೆಂದು ತಿರುಗಿಯೂ ನೋಡದೆ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದ ಮನುಷ್ಯ. ಆ ಸ್ವೆಟರು ಹೆಣೆದ ಹೆಂಡತಿ ಸರ್ವಮಂಗಳ ಒಂದು ದಿನ ಅಡುಗೆಮನೆಯಲ್ಲಿ ಕುಸಿದರು. ಇವರು ಸಕ್ಕರೆ ನೀರು ಕುಡಿಸಿದರು, ಆಕೆ ಎದ್ದು ಕೂತು, “ಏನಿಲ್ಲ ಬಿಡಿ, ಒಂಚೂರು ತಲೆ ಸುತ್ತು. ನೀವು ಕೆಲ್ಸ ನೋಡ್ಕೊಳ್ಳಿ” ಎಂದರು. ಇವರು ನೋಡಿಕೊಂಡರು. ಆಮೇಲೂ ಕುಸಿದರು, ಆಮೇಲೂ ಸಕ್ಕರೆ ನೀರೇ. ಹೃದಯದ ದೋಷ ವರ್ಷಗಳಿಂದ ಇತ್ತೆಂದು ಡಾಕ್ಟರು ವಿವರಿಸಿದಾಗ, ಆ ವಿವರಣೆ ಕೇಳಿಸಿಕೊಳ್ಳಲು ಇವರೊಬ್ಬರೇ ಉಳಿದಿದ್ದರು.

ಈಚೆಗೆ ಕುಣಿಗಲ್ಲಿನ ಒಂದು ಡಯಾಲಿಸಿಸ್ ಕೇಂದ್ರದ ಸರ್ವರ್ ಕೆಟ್ಟಿತು. ವೆಬ್‌ಸೈಟಿನ ಮುಂಬಾಗಿಲು ತೆರೆದೇ ಇದೆ, ಒಳಗೆ ದುಡಿಯುವ ಪ್ರೋಗ್ರಾಂಗಳು ಮಾತ್ರ ಒಂದಾದ ಮೇಲೊಂದು ಸಾಯುತ್ತಿವೆ; ಯಾರ ಪಾಳಿ, ಯಾರಿಗೆ ಯಾವ ಯಂತ್ರ, ಯಾವುದೂ ಪರದೆಗೆ ಬರುತ್ತಿಲ್ಲ. ಸೋಮಶೇಖರ್ ಬಸ್ಸು ಹತ್ತಿ ಅಲ್ಲಿಗೇ ಹೋಗಿ ಕುಳಿತರು.

“ಒಂದ್ಸಲ ರೀಸ್ಟಾರ್ಟ್ ಮಾಡ್ಬಿಡಿ ಸರ್, ಪೇಷೆಂಟ್‌ಗಳು ಕಾಯ್ತಾವ್ರೆ” ಎಂದು ಕೇಂದ್ರದ ಮಧುಶ್ರೀ ಅಂಗಲಾಚಿದಳು.

“ಯಾಕೆ ಅಂತ ಗೊತ್ತಾಗ್ಲಿ ತಾಯಿ, ಇನ್ನೊಂದು ಗಳಿಗೆ.”

ಆ ಗಳಿಗೆ ಬೆಳೆಯುತ್ತಾ ಹೋಯಿತು. ಬೆಂಚಿನ ಮೇಲೆ ಕಾದಿದ್ದ ಕೊತ್ತಗೆರೆಯ ನಿಂಗಮ್ಮ ಎದ್ದವರು ಗೋಡೆ ಹಿಡಿದು ಕುಸಿದರು. ಸೋಮಶೇಖರ್ ಓಡಿಹೋಗಿ ಹಿಡಿದುಕೊಂಡರೆ, ಆಕೆ ಸೆರಗು ಸರಿಮಾಡಿಕೊಳ್ಳುತ್ತಾ, “ಏನಿಲ್ಲ ಬುಡಪ್ಪ, ತಲೆ ಸುತ್ತು ಅಷ್ಟೆ. ನೀನು ನಿನ್ ಕೆಲ್ಸ ನೋಡ್ಕೊ” ಎಂದರು.

“ಏನಿಲ್ಲ ಅನ್ಬೇಡಿ ಅವ್ವಾ, ಹಂಗನ್ಬೇಡಿ!” ಸೋಮಶೇಖರ್ ಕೂಗಿದ ರೀತಿಗೆ ಇಡೀ ಕೇಂದ್ರ ತಿರುಗಿ ನೋಡಿತು. ಡಾಕ್ಟರು ಬರುವವರೆಗೂ ಆಕೆಯನ್ನು ಏಳಲು ಬಿಡಲಿಲ್ಲ. ಯಾಕೆ ಬಿದ್ದರೆಂದು ಹೇಳುವವರೆಗೂ ಡಾಕ್ಟರನ್ನು ಬಿಡಲಿಲ್ಲ. ಪಾಳಿ ತಡವಾದದ್ದೇ ಕಾರಣ ಎಂದರು ಡಾಕ್ಟರು. ಸೋಮಶೇಖರ್ ತಲೆ ತಗ್ಗಿಸಿಕೊಂಡು ಬಂದು, ದೋಷದ ದಾಖಲೆ ಏನನ್ನೂ ಓದದೆ ರೀಸ್ಟಾರ್ಟ್ ಒತ್ತಿದರು. ನಿಂಗಮ್ಮನ ಹೆಸರು ಪರದೆಗೆ ಬಂತು. ಆ ಸರ್ವರ್ ಯಾಕೆ ಸಾಯುತ್ತಿತ್ತೋ ಅವರಿಗೆ ಇಂದಿಗೂ ತಿಳಿದಿಲ್ಲ.

ಹತ್ತಿರದವರನ್ನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳದೆ ಉಳಿದುಬಿಟ್ಟವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರು ಅದನ್ನು ಜೀವಮಾನವಿಡೀ ಯಂತ್ರಗಳನ್ನೂ ಅಪರಿಚಿತರನ್ನೂ ಕೇಳುತ್ತಾ ಹೋಗುತ್ತಾರೆ, ಅವರು ಹಟಮಾರಿಗಳೆಂದು ನಾವು ಬೇಸರಪಡುತ್ತೇವೆ. ಉತ್ತರ ಸಿಕ್ಕ ದಿನವೂ ಅದನ್ನು ಹೇಳಲು ಅವರಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ.