ಮೇಲುಕೋಟೆಗೆ ಹಿಂಬದಿಯ ದಾರಿ

ಮೈಸೂರಿನಲ್ಲಿ ಭಾನುವಾರದ ಸೈಕಲ್ ಸವಾರಿಗೆ ಹೊರಡುವವರಲ್ಲಿ ಮಹದೇವಪ್ರಸಾದರ ಮುಖ ನೋಡದವರು ಇದ್ದರು, ಆದರೆ ಅವರ ದಾರಿ ತುಳಿಯದವರು ಇರಲಿಲ್ಲ. ಕೆಸರೆಯ ಈ ಗಣಿತದ ಮೇಷ್ಟ್ರು ಇಪ್ಪತ್ತು ವರ್ಷ ವಾರ ತಪ್ಪದೆ ಊರಾಚೆ ಹೋಗಿ, ಲಾರಿಗಳ ಕಾಟವಿಲ್ಲದ ಒಳದಾರಿಗಳನ್ನು ಹುಡುಕಿ, ನಕ್ಷೆ ಮಾಡಿ ಕ್ಲಬ್ಬಿನ ಪುಟಕ್ಕೆ ಹಾಕಿದ್ದರು. ನಕ್ಷೆಯ ಜೊತೆಗೆ ಟಿಪ್ಪಣಿಯೂ ಇರುತ್ತಿತ್ತು. ‘ಸೇತುವೆ ದಾಟಿದ ಕೂಡಲೇ ಏರು ಮೋಸ ಮಾಡುತ್ತದೆ, ಮೊದಲೇ ಗೇರ್ ಇಳಿಸಿಕೊಳ್ಳಿ.’ ‘ಇಲ್ಲಿ ಮೂರು ನಾಯಿಗಳಿವೆ, ಬೊಗಳುತ್ತವೆ ಅಷ್ಟೇ.’ ‘ಇಲ್ಲಿ ಒಂದು ನಿಮಿಷ ನಿಂತು ಎಡಕ್ಕೆ ನೋಡಿ. ನಾನೇನೂ ಹೇಳುವುದಿಲ್ಲ.’

ಶ್ರೀರಾಂಪುರದ ಶಿಲ್ಪಶ್ರೀ ಊರ ಸುತ್ತಲಿನ ಹಳ್ಳಿಗಾಡನ್ನು ನೋಡಿದ್ದೇ ಈ ಟಿಪ್ಪಣಿಗಳ ಕೈ ಹಿಡಿದು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುವ ಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿ ಮೇಣ ಕೆತ್ತುವ ಆ ಕೆಲಸಕ್ಕೆ ಮಾತು ಬೇಡ; ಅವಳಿಗೂ ಮಾತು ಕಡಿಮೆ. ಭಾನುವಾರ ಒಬ್ಬಳೇ ಮಂಡಕಳ್ಳಿ ದಾಟಿ ನಂಜನಗೂಡಿನ ಕಡೆ ಹೋಗುವಾಗ, ಟಿಪ್ಪಣಿ ಬರೆದ ಆ ಕಾಣದ ಮನುಷ್ಯನೇ ಅವಳಿಗೆ ಜೊತೆಗಾರ. ಎಲ್ಲಿ ನಿಲ್ಲಿ ಎಂದಿದ್ದರೋ ಅಲ್ಲಿ ನಿಲ್ಲುತ್ತಿದ್ದಳು, ಎಲ್ಲಿ ನೋಡಿ ಎಂದಿದ್ದರೋ ಅಲ್ಲಿ ನೋಡುತ್ತಿದ್ದಳು. ಕಣ್ಣಿನ ನರ ಒಣಗುತ್ತಾ ಬಂದು ಅವರ ದೃಷ್ಟಿ ಪೂರ್ತಿ ಹೋಗಿ ಮೂರು ವರ್ಷವಾಯಿತೆಂಬುದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

ಕಳೆದ ನವೆಂಬರಿನಲ್ಲಿ ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಇಬ್ಬರು ತುಳಿಯುವ ಹಳೆಯ ಜೋಡಿ ಸೈಕಲ್ಲೊಂದು ಕೊಯಮತ್ತೂರಿನಿಂದ ಬಂದಿದೆ, ಮಹದೇವಪ್ರಸಾದ್ ಸರ್ ಹಿಂದೆ ಕೂರುತ್ತಾರೆ, ಮುಂದೆ ಕೂರಲು ಯಾರು ಬರುತ್ತೀರಿ? ಗುಂಪಿನ ತುಂಬ ಕೈಮುಗಿದ ಚಿತ್ರಗಳು ಬಂದವು, ಬರುತ್ತೇನೆ ಎಂದವರು ಯಾರೂ ಇರಲಿಲ್ಲ. ಮಧ್ಯಾಹ್ನದವರೆಗೂ ನೋಡಿ ಶಿಲ್ಪಶ್ರೀ ‘ನಾನು ಬರ್ತೀನಿ’ ಎಂದು ಬರೆದಳು. ಬರೆದಾದ ಮೇಲೆ ಭಯವಾಯಿತು. ಹ್ಯಾಂಡಲ್, ಬ್ರೇಕು, ಗೇರು ಎಲ್ಲ ಮುಂದಿನವರ ಕೈಯಲ್ಲಿ. ಹಿಂದಿನವರದ್ದು ಎರಡು ಕಾಲು ಮತ್ತು ಒಂದು ನಂಬಿಕೆ, ಅಷ್ಟೇ.

ನಾಲ್ಕು ಸಂಜೆ ಕಾಲೇಜು ಮೈದಾನದಲ್ಲಿ ಸುತ್ತು ಹಾಕಿ ರೂಢಿ ಮಾಡಿಕೊಂಡರು. ಐದನೆಯ ದಿನ ಮೇಷ್ಟ್ರು ಹೇಳಿದರು, “ಮೇಲುಕೋಟೆಗೆ ಹೋಗಣ. ದೊಡ್ಡ ರಸ್ತೇಲಿ ಅಲ್ಲ, ಹಿಂಬದಿಯಿಂದ. ತೊಣ್ಣೂರು ಕೆರೆವರೆಗೆ ದಾರಿ ಬರೆದಿದ್ದೆ. ಅಲ್ಲಿಂದ ಹಳ್ಳಿಗಳ ಮೇಲೆ ಹಾದು ಬೆಟ್ಟ ಹತ್ತೋ ಒಂದು ಸಣ್ಣ ರಸ್ತೆ ಇದೆ ಅಂತ ಕೇಳಿದ್ದೆ. ನೋಡಕ್ಕೆ ಹೋಗೋಷ್ಟರಲ್ಲಿ ಕಣ್ಣು ಹೋಯ್ತು. ಅರ್ಧಕ್ಕೆ ನಿಂತಿರೋದು ಅದೊಂದೇ ಕಣಮ್ಮ.”

ಡಿಸೆಂಬರಿನ ಎರಡನೆಯ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಕೆಸರೆಯ ಅವರ ಮನೆಯ ಗೇಟಿನಲ್ಲಿದ್ದಳು. ಮೇಷ್ಟ್ರ ಹೆಂಡತಿ ಸುಚಿತ್ರಾ ಚಪಾತಿಯ ಡಬ್ಬಿಯನ್ನು ಸೈಕಲ್ಲಿನ ಚೀಲದಲ್ಲಿ ಇಟ್ಟು, ಅವಳನ್ನು ಸ್ವಲ್ಪ ಪಕ್ಕಕ್ಕೆ ಕರೆದರು.

“ಅವರು ಹೆದರಿಕೆ ಆದ್ರೂ ಬಾಯಿ ಬಿಡೋರಲ್ಲ ಕಣ್ರೀ. ನೀವೇ ಸ್ವಲ್ಪ ನೋಡ್ಕೊಬೇಕು.”

ಶ್ರೀರಂಗಪಟ್ಟಣದವರೆಗೆ ಇಬ್ಬರೂ ಒಂದೇ ಹದದಲ್ಲಿ ತುಳಿದರು. ಜೋಡಿ ಸೈಕಲ್ಲಿನ ಪೆಡಲುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಬ್ಬರ ಕಾಲು ತಿರುಗಿದರೆ ಇನ್ನೊಬ್ಬರದ್ದೂ ತಿರುಗಲೇಬೇಕು. ಹೊಳೆ ದಾಟಿ ಪಾಂಡವಪುರದ ಕಡೆ ತಿರುಗಿದ ಮೇಲೆ ನಾಲೆಯ ಏರಿ ಸಿಕ್ಕಿತು. ಕಣ್ಣು ಹಾಯುವಷ್ಟು ದೂರ ಸಮತಟ್ಟು. ಮಂಜು ಇನ್ನೂ ಕಬ್ಬಿನ ತುದಿಯಲ್ಲೇ ಕೂತಿತ್ತು.

“ಏನು ಕಾಣ್ತಿದೆ?” ಹಿಂದಿನಿಂದ ಮೇಷ್ಟ್ರು ಕೇಳಿದರು.

“ಗದ್ದೆ ಸರ್.”

“ಗದ್ದೆ ಅನ್ನೋದು ನನಗೂ ಗೊತ್ತು. ವಾಸನೆ ಬರ್ತಿದೆ. ಯಾವ ಥರ ಗದ್ದೆ?”

ಶಿಲ್ಪಶ್ರೀ ತಡವರಿಸಿದಳು. ನೋಡಿದ್ದನ್ನು ಹೇಳಿ ಅಭ್ಯಾಸವೇ ಇರಲಿಲ್ಲ. “ಕೊಯ್ಲಾಗಿದೆ ಸರ್... ಕೂಳೆ ನಿಂತಿದೆ. ನಡುವೆ ನೀರು. ನೀರಲ್ಲಿ ಬಿಳೀ ಕೊಕ್ಕರೆ... ಒಂದು, ಎರಡು... ಹನ್ನೊಂದು. ಒಂದು ಮಾತ್ರ ಬೇರೆಯವಕ್ಕೆ ಬೆನ್ನು ಹಾಕಿ ನಿಂತಿದೆ.”

“ಹಾಂ!” ಎಂದರು ಮೇಷ್ಟ್ರು. ಆ ಒಂದು ಅಕ್ಷರದಲ್ಲಿ ಎಷ್ಟು ಖುಷಿಯಿತ್ತೆಂದರೆ, ಅವರು ಕೇಳುವ ಮೊದಲೇ ಅವಳು ಮುಂದಿನದ್ದನ್ನು ಹೇಳತೊಡಗಿದಳು. ಆಲೆಮನೆಯ ಹೊಗೆ ಯಾವ ಕಡೆ ಬಾಗಿದೆ, ನಾಲೆಯಲ್ಲಿ ಯಾರದೋ ಎಮ್ಮೆ ತಲೆಯಷ್ಟೇ ಎತ್ತಿ ಹೇಗೆ ಮುಳುಗಿದೆ, ಎಲ್ಲ. ಮೇಷ್ಟ್ರು ತಮ್ಮ ಲೆಕ್ಕವನ್ನೂ ಸೇರಿಸುತ್ತಿದ್ದರು. “ಈಗ ಎರಡು ಪರ್ಸೆಂಟ್ ಏರು ಶುರುವಾಯ್ತು ನೋಡಿ, ಕಣ್ಣಿಗೆ ಗೊತ್ತಾಗಲ್ಲ.” ಏರು ತೋರಿಸುವ ಸೈಕಲ್ ಮೀಟರನ್ನು ಅವಳು ನೋಡಿದರೆ ಎರಡೇ ಇತ್ತು.

ತೊಣ್ಣೂರು ಕೆರೆ ಬಂದಾಗ ಹೊತ್ತು ಚೆನ್ನಾಗಿ ಏರಿತ್ತು. ಬರೆದ ದಾರಿ ಅಲ್ಲಿಗೆ ಮುಗಿಯಿತು. “ಮುಂದೆ ಒಂದು ದೊಡ್ಡ ಹುಣಸೆಮರ, ಅಲ್ಲಿ ಬಲಕ್ಕೆ ಅಂತ ಹೇಳಿದ್ರು,” ಎಂದರು ಮೇಷ್ಟ್ರು. ಮರ ಸಿಗಲಿಲ್ಲ. ಗದ್ದೆ ಮುಗಿದು ಹೊಲ ಬಂತು, ತೆಂಗು ಮುಗಿದು ಬಂಡೆ ಬಂತು, ಹುಣಸೆಮರ ಬರಲಿಲ್ಲ. ಒಂದು ಹಳ್ಳಿಯ ಮುಂದೆ ರಸ್ತೆಯುದ್ದಕ್ಕೂ ಹುರುಳಿಯನ್ನು ಬುಡಸಮೇತ ಹರವಿದ್ದರು. ಬರುವ ಹೋಗುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡಲಿ ಎಂದು. ಸೈಕಲ್ ಅದರ ಮೇಲೆ ಹತ್ತು ಮಾರು ಹೋಗಿರಬೇಕು, ಬಳ್ಳಿಯೊಂದು ಹಿಂದಿನ ಗೇರಿಗೆ ಸುತ್ತಿಕೊಂಡು ಚೈನು ಕಟಕ್ಕೆಂದು ನಿಂತಿತು.

ಶಿಲ್ಪಶ್ರೀ ಬಗ್ಗಿ ನೋಡಿದಳು. ಬಳ್ಳಿ ಹಲ್ಲುಗಳ ನಡುವೆ ಹುರಿಯಾಗಿ ಬಿಗಿದಿತ್ತು.

“ಬಿಡಿ, ಇದು ನನ್ನ ಕೆಲಸ,” ಎಂದು ಮೇಷ್ಟ್ರು ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸಿದರು. ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಡವಿಕೊಂಡು, ಎಳೆಯದೆ, ಹರಿಯದೆ, ಒಂದೊಂದೇ ಸುತ್ತು ಬಿಚ್ಚಿದರು. ಸೂಕ್ಷ್ಮದ ಕೆಲಸ ಬಲ್ಲ ಶಿಲ್ಪಶ್ರೀ ಆ ಬೆರಳುಗಳನ್ನು ನೋಡುತ್ತಾ ನಿಂತಳು.

ಹುರುಳಿ ಹರವಿದ್ದ ಹೆಂಗಸು ಪೊರಕೆ ಹಿಡಿದು ಬಂದಳು. ವಸಂತಮ್ಮ ಎಂದು ಅವಳ ಹೆಸರು. ಒಂದು ಗಳಿಗೆ ಮೇಷ್ಟ್ರನ್ನೇ ದಿಟ್ಟಿಸಿದಳು.

“ಯಾಕ್ ಸಾಮಿ, ಕಣ್ಣು ಕಾಣಕಿಲ್ವಾ?”

“ಇಲ್ಲ ತಾಯಿ.”

“ಅಂಗಾದ್ರೆ ಎಂಗೆ ಸೈಕಲ್ ತುಳೀತೀರಾ?”

“ಕಾಲು ಚೆನ್ನಾಗಿವೆಯಲ್ಲ!” ಮೇಷ್ಟ್ರು ನಕ್ಕರು. “ಇಲ್ಲೊಂದು ಹುಣಸೆಮರ ಇತ್ತಂತೆ, ಬೆಟ್ಟಕ್ಕೆ ಹೋಗೋ ದಾರೀಲಿ.”

“ಅಯ್ಯೋ, ಅದ ರಸ್ತೆ ಅಗಲ ಮಾಡಕ್ಕೆ ಅಂತ ಕಡುದ್ಬುಟ್ರು. ನೀವು ದಾಟಿ ಬಂದ್ಬುಟ್ಟಿದ್ದೀರಿ. ಹಿಂದಕ್ಕೋಗಿ, ಹಾಲಿನ ಡೈರಿ ಪಕ್ಕದಲ್ಲಿ ತಿರುಗಿ. ಏರು ಜೋರೈತೆ ಸಾಮಿ, ನಮ್ಮೂರ ಎತ್ತೇ ಅಲ್ಲಿ ನಿಂತ್ಕಂಬುಡ್ತವೆ.”

“ನಾನು ಹೇಳಿದ್ದು ತಪ್ಪಾಯ್ತು,” ಎಂದರು ಮೇಷ್ಟ್ರು ಶಿಲ್ಪಶ್ರೀಗೆ. “ಮೂರು ಕಿಲೋಮೀಟರ್ ಸುಮ್ಮನೆ ತುಳಿಸಿದೆ. ಬರ್ಕೊಳ್ಳಿ, ಡೈರಿ ಪಕ್ಕ ಅಂತ.” ಅದರಲ್ಲಿ ಬೇಸರವಿರಲಿಲ್ಲ, ಬರೆಯುವುದೊಂದು ಸಿಕ್ಕಿತೆಂಬ ಹುರುಪಿತ್ತು.

ವಸಂತಮ್ಮ ಹೇಳಿದ್ದು ಸುಳ್ಳಲ್ಲ. ಡೈರಿ ದಾಟಿ ಸ್ವಲ್ಪ ದೂರಕ್ಕೇ ರಸ್ತೆ ಎದ್ದು ನಿಂತಿತು. ಎರಡೂ ಕಡೆ ತಂಗಡಿಯ ಹಳದಿ ಹೂವು, ಮೇಲೆ ಬಂಡೆಗಳು, ಅದರ ಮೇಲೆ ಇನ್ನೂ ಬಂಡೆಗಳು. ಇಬ್ಬರ ತೂಕದ ಜೊತೆ ಹಳೆಯ ಸೈಕಲ್ಲಿನ ಕಬ್ಬಿಣದ ಭಾರ. ಎರಡನೆಯ ತಿರುವಿನಲ್ಲೇ ಶಿಲ್ಪಶ್ರೀಯ ತೊಡೆ ಉರಿಯತೊಡಗಿತು, ಮೂರನೆಯದರಲ್ಲಿ ಕಾಲು ಸೋತೇಬಿಟ್ಟಿತು. ನಿಲ್ಲೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಪಾದದ ಕೆಳಗಿನ ಪೆಡಲು ತಾನಾಗಿಯೇ ಕೆಳಗಿಳಿಯಿತು, ಮತ್ತೆ ಮೇಲೆ ಬಂತು. ಅವಳು ತುಳಿಯುತ್ತಿರಲಿಲ್ಲ. ಹಿಂದಿನಿಂದ ಉಸಿರು ಬುಸುಗುಟ್ಟುತ್ತಿತ್ತು. ಐವತ್ತಮೂರು ವರ್ಷದ ಮನುಷ್ಯ ಇಬ್ಬರನ್ನೂ ಎಳೆಯುತ್ತಿದ್ದರು.

“ನೀವು ದಾರಿ ನೋಡ್ಕೊಳ್ಳಿ,” ಎಂದರು ಏದುಸಿರಿನ ನಡುವೆ. “ಇದು... ನನಗಿರಲಿ.”

ಅವಳ ಕಣ್ಣು ಮಂಜಾಯಿತು. ಬೆವರಿರಬೇಕು ಎಂದುಕೊಂಡಳು. ಕಾಲು ಸುಧಾರಿಸಿದ ಮೇಲೆ ಮತ್ತೆ ಸೇರಿಕೊಂಡು, ನೆತ್ತಿ ಮುಟ್ಟುವವರೆಗೂ ಬಿಡಲಿಲ್ಲ.

ಮೇಲೆ, ಮೇಲುಕೋಟೆಯ ಅಂಚಿನಲ್ಲಿ, ಗಾಳಿ ಬೀಸುತ್ತಿತ್ತು. ಚಪಾತಿ ತಿನ್ನುತ್ತಾ ಅವಳು ಇಡೀ ನಾಡನ್ನೇ ಹೇಳಿದಳು. ಕೆಳಗೆ ಕೆರೆ ಒಡೆದ ಬಳೆಯ ಚೂರಿನ ಹಾಗೆ ಹೊಳೆಯುತ್ತಿದೆ, ಅದರಾಚೆ ಗದ್ದೆ ಬಯಲು ಹಸಿರಲ್ಲ, ಹಳದಿಯೂ ಅಲ್ಲ, ಅವೆರಡರ ನಡುವಿನದ್ದು, ಬಯಲಿನ ಕೊನೆಯಲ್ಲಿ ಚಾಮುಂಡಿ ಬೆಟ್ಟ ಇರಬೇಕು, ಮಬ್ಬಾಗಿ. ಮೇಷ್ಟ್ರು ಅತ್ತಲೇ ಮುಖ ಮಾಡಿ ಕೂತು ಕೇಳಿದರು.

ಇಳಿಯುವಾಗ ದೊಡ್ಡ ರಸ್ತೆ ಹಿಡಿದರು. ಸೈಕಲ್ ಬಾಣದಂತೆ ಹೊರಟಿತು. ಶಿಲ್ಪಶ್ರೀಯ ಗಮನವೆಲ್ಲ ಬ್ರೇಕಿನ ಮೇಲೆ, ತಿರುವಿನ ಮೇಲೆ. ಅವಳ ಹಳೆಯ ಮೌನ ಮರಳಿ ಬಂತು. ಎಡಕ್ಕೊಂದು ಕಡಿದಾದ ತಿರುವು. ಅವಳು ಎಡಕ್ಕೆ ವಾಲಿದಳು, ಹಿಂದಿನ ಭಾರ ಬಲಕ್ಕೆ ವಾಲಿತು. ಹ್ಯಾಂಡಲು ತತ್ತರಿಸಿ, ಚಕ್ರ ರಸ್ತೆಯಂಚಿನ ಜಲ್ಲಿಗೆ ಇಳಿದು, ಮೋರಿಗೆ ಒಂದು ಗೇಣು ದೂರದಲ್ಲಿ ಸೈಕಲ್ ನಿಂತಿತು.

ಇಬ್ಬರೂ ಇಳಿದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು.

“ಕ್ಷಮಿಸಿ ಸರ್. ತಳ್ಕೊಂಡು ಇಳಿಯಣ.”

ಅವರು ತಡವಿ ಸೀಟನ್ನು ಹಿಡಿದುಕೊಂಡರು. “ಹೆದರಿದೆ ಕಣಮ್ಮ,” ಎಂದರು ಆಮೇಲೆ. “ಏರಲ್ಲಿ ನನಗೆ ಭಯ ಇಲ್ಲ. ಇಳಿಜಾರಲ್ಲಿ ನೀವು ಮಾತು ನಿಲ್ಲಿಸಿದ ತಕ್ಷಣ ಎಲ್ಲಿದೀನಿ ಅನ್ನೋದೇ ಗೊತ್ತಾಗ್ಲಿಲ್ಲ. ತಳ್ಕೊಂಡು ಹೋಗದು ಬೇಡ. ಕೂಗಿ ಹೇಳ್ತಾ ಇರಿ, ಸಾಕು. ನಾನು ವಾಲ್ತೀನಿ.”

ಮೂವತ್ತಮೂರು ವರ್ಷದಲ್ಲಿ ಶಿಲ್ಪಶ್ರೀ ಯಾರ ಮುಂದೆಯೂ ದನಿ ಎತ್ತಿದವಳಲ್ಲ. ಅವತ್ತು ಬೆಟ್ಟ ಮೊಳಗುವಂತೆ ಕೂಗಿದಳು. “ಎಡಕ್ಕೆ ಬರ್ತಿದೆ... ಈಗ! ಬಿಡಿ, ನೇರ! ಹಂಪು, ಎದ್ದೇಳಿ! ಬಲಕ್ಕೆ, ದೊಡ್ಡದು, ವಾಲಿ ವಾಲಿ ವಾಲಿ!” ಅವಳ ಮಾತಿನ ಜೊತೆಗೇ ಹಿಂದಿನ ಭಾರವೂ ವಾಲಿತು, ಎದ್ದಿತು, ಮತ್ತೆ ವಾಲಿತು. ಸೈಕಲ್ಲಿನಲ್ಲಿ ಒಬ್ಬರೇ ಇದ್ದಂತೆ. ಎದುರಿಗೆ ಬಂದ ಬಸ್ಸಿನವರು ಕಿಟಕಿಯಲ್ಲಿ ತಲೆ ಹಾಕಿ ನೋಡಿದರು. ಬುಡ ಮುಟ್ಟುವಾಗ ಮೇಷ್ಟ್ರು ಹಿಂದಿನಿಂದ ಮಕ್ಕಳಂತೆ ‘ಹೋ’ ಎಂದು ಕೂಗುತ್ತಿದ್ದರು.

ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವರು ಹೇಳಿದರು, ಅವಳು ಫೋನಿನಲ್ಲಿ ಬರೆದಳು. ಮೇಲುಕೋಟೆಯ ಹಿಂಬದಿಯ ದಾರಿ ಅಲ್ಲಿಂದಲೇ ಕ್ಲಬ್ಬಿನ ಪುಟ ಸೇರಿತು. ಬರೆದವರ ಜಾಗದಲ್ಲಿ ಎರಡು ಹೆಸರು ಹಾಕಬೇಕೆಂದು ಮೇಷ್ಟ್ರು ಹಟ ಹಿಡಿದರು.

ಕೆಸರೆ ಮುಟ್ಟಿದಾಗ ಮಧ್ಯಾಹ್ನ ಮೂರು. ಸುಚಿತ್ರಾ ಗೇಟಿನಲ್ಲೇ ಕಾದಿದ್ದರು. “ಹೆಂಗಾಯ್ತು?” ಎಂದು ಶಿಲ್ಪಶ್ರೀಯನ್ನು ಕೇಳಿದರು. ಅವಳು ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಸುಚಿತ್ರಾ ನಗುತ್ತಾ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟರು.

ಮೇಷ್ಟ್ರು ಜಗಲಿಯ ಮೇಲೆ ಕಾಲು ಚಾಚಿ ಹೆಂಡತಿಗೆ ಹೇಳತೊಡಗಿದರು. “ಕೆರೆ ನೋಡಬೇಕಿತ್ತು ನೀನು, ಮೇಲಿಂದ. ಒಡೆದ ಬಳೆ ಚೂರು ಹೊಳೀತದಲ್ಲ, ಹಾಗೆ. ನಾಲೆ ಹತ್ರ ಹನ್ನೊಂದು ಕೊಕ್ಕರೆ, ಅದರಲ್ಲಿ ಒಂದಕ್ಕೆ ಮಾತ್ರ ಅದೇನು ಕೋಪವೋ...” ಸುಚಿತ್ರಾ ಮೆಟ್ಟಿಲ ಮೇಲೆ ಕೂತು, ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. ಶಿಲ್ಪಶ್ರೀ ಮನೆಗೆ ಹೊರಡುವುದನ್ನು ಮರೆತು, ಮಜ್ಜಿಗೆಯ ಲೋಟ ಹಿಡಿದು ತಾನೂ ಕೇಳುತ್ತಾ ಕೂತಳು.