ಹದಿನಾಲ್ಕನೆಯ ಪುಟದ ಹೇಳಿಕೆ

ಮಣಿಪಾಲದ ವಿಚಾರಸಂಕಿರಣಕ್ಕೆ ಬರಲೇಬೇಕೆಂದು ಕರ್ನಲ್ ವಿಜಯೀಂದ್ರ ತಾವೇ ಫೋನ್ ಮಾಡಿದಾಗ ಧರ್ಮಪಾಲನಿಗೆ ಖುಷಿಯಾಗಿತ್ತು. ಸೈನ್ಯದಿಂದ ಹವಾಲ್ದಾರನಾಗಿ ನಿವೃತ್ತನಾಗಿ, ಕಾಪುವಿನಲ್ಲಿ ಅಣ್ಣನ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವನನ್ನು ಅಂಥ ಕಡೆಗೆ ಯಾರೂ ಕರೆದಿರಲಿಲ್ಲ.

ಹನ್ನೊಂದು ವರ್ಷಗಳ ಹಿಂದೆ, ಆಫ್ರಿಕಾದ ಒಂದು ದೇಶದಲ್ಲಿ ಇಬ್ಬರೂ ಶಾಂತಿಪಾಲನಾ ಪಡೆಯ ಒಂದೇ ಶಿಬಿರದಲ್ಲಿದ್ದರು. ಅಲ್ಲಿ ತುಳು ಬರುತ್ತಿದ್ದದ್ದು ಇವರಿಬ್ಬರಿಗೆ ಮಾತ್ರ. ಉಡುಪಿಯವರಾದ ಕರ್ನಲ್ ಸಂಜೆಯ ಹೊತ್ತು ಗೇಟಿನ ಬಳಿ ಬಂದು, ಊರಿನ ಬದನೆ ಮಟ್ಟುಗುಳ್ಳದ ಹುಳಿಯ ರುಚಿ ನೆನೆಯುತ್ತ ಇವನ ಪಕ್ಕದಲ್ಲಿ ನಿಲ್ಲುತ್ತಿದ್ದರು.

ವೇದಿಕೆಯ ಮೇಲೆ ಕರ್ನಲ್ ಚೆನ್ನಾಗಿಯೇ ಮಾತಾಡಿದರು. ೧೯೪೮ರಲ್ಲಿ ಶುರುವಾದ ವಿಶ್ವಸಂಸ್ಥೆಯ ಶಾಂತಿಪಾಲನೆ, ಸೂಯೆಜ್, ಕಾಂಗೋ, ನಮೀಬಿಯಾದ ಚುನಾವಣೆ. ರುವಾಂಡಾದ ಸೋಲನ್ನೂ ಮುಚ್ಚಿಡಲಿಲ್ಲ. ಧರ್ಮಪಾಲ ಹೆಮ್ಮೆಯಿಂದ ಕೇಳುತ್ತಿದ್ದ. ಪಕ್ಕದಲ್ಲಿ ಮಗಳು ಚೈತನ್ಯಾ, ಕಾರ್ಕಳದಲ್ಲಿ ಉಪನ್ಯಾಸಕಿ, ಸಭೆಯಲ್ಲಿ ಹಂಚಿದ ಕರ್ನಲರ ಇಂಗ್ಲಿಷ್ ಪುಸ್ತಿಕೆಯ ಪುಟ ತಿರುಗಿಸುತ್ತಿದ್ದಳು.

"ಅಪ್ಪ, ಹದಿನಾಲ್ಕನೆಯ ಪುಟದಲ್ಲಿ ನಿಮ್ಮ ಹೆಸರು ಉಂಟು."

"ಎಂತ ಬರೆದಿದ್ದಾರೆ?"

ಅವಳು ಮೆಲ್ಲಗೆ ಕನ್ನಡದಲ್ಲಿ ಹೇಳಿದಳು: "ಗ್ರಾಮಸ್ಥರು ರಕ್ಷಣೆ ಬೇಡವೆಂದು ತಾವಾಗಿಯೇ ಶಿಬಿರ ಬಿಟ್ಟು ಹೋದರು. ಗೇಟಿನ ಕಾವಲಿನಲ್ಲಿದ್ದ ಹವಾಲ್ದಾರ್ ಧರ್ಮಪಾಲನ ಹೇಳಿಕೆ."

ಧರ್ಮಪಾಲ ಪುಸ್ತಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಹೆಸರನ್ನು ಹುಡುಕಿದ.

ಅವರು ಹೋಗಿರಲಿಲ್ಲ. ಊರು ಬಿಟ್ಟು ಓಡಿಬಂದ ಇನ್ನೂರು ಮಂದಿ ಎರಡು ತಿಂಗಳು ಶಿಬಿರದ ಬೇಲಿಯೊಳಗಿದ್ದರು. ಪಡೆ ಅಲ್ಲಿದ್ದಷ್ಟು ದಿನ ಅವರನ್ನು ಓಡಿಸಿದ್ದ ಬಂದೂಕಿನವರು ಹತ್ತಿರ ಸುಳಿಯಲಿಲ್ಲ. ಜೋಸೆಫ್ ಎಂಬ ಮೇಷ್ಟ್ರು ಟಾರ್ಪಾಲಿನ ಕೆಳಗೆ ಶಾಲೆಯನ್ನೇ ನಡೆಸುತ್ತಿದ್ದರು. ಆಮೇಲೆ ಶಿಬಿರ ಬೇರೆಡೆಗೆ ಹೋಗಬೇಕೆಂದು ಆದೇಶ ಬಂತು. "ನಾಳೆಯೇ ಬದಲಿ ತುಕಡಿ ಬರುತ್ತದೆ, ಅವರಿಗೆ ಹೇಳು" ಎಂದಿದ್ದರು ಕರ್ನಲ್. ಧರ್ಮಪಾಲ ಜೋಸೆಫರ ಕೈ ಹಿಡಿದು ಅದನ್ನೇ ಹೇಳಿದ್ದ. ತುಕಡಿ ಬರಲಿಲ್ಲ. ಮೂರನೆಯ ದಿನ ಬಂದೂಕಿನವರು ಬಂದರು. ಸತ್ತವರಲ್ಲಿ ಜೋಸೆಫರೂ ಇದ್ದರು.

ಇದೆಲ್ಲವನ್ನೂ ಅವನು ಆಗಲೇ ಹಿಂದಿಯಲ್ಲಿ ಎರಡು ಹಾಳೆ ಬರೆದು ಕರ್ನಲರ ಕೈಗೆ ಕೊಟ್ಟಿದ್ದ. "ಮೇಲಕ್ಕೆ ಕಳಿಸುತ್ತೇನೆ, ನನ್ನನ್ನು ನಂಬು" ಎಂದು ಕರ್ನಲ್ ತುಳುವಿನಲ್ಲಿ ಹೇಳಿದ್ದರು. ಎಲ್ಲೋ ಒಂದು ಕಡೆ ನಿಜ ದಾಖಲಾಗಿದೆ ಎಂಬ ಒಂದೇ ಸಮಾಧಾನದಲ್ಲಿ ಅವನು ಇಷ್ಟು ವರ್ಷ ಬದುಕಿದ್ದ.

ಪ್ರಶ್ನೆಗಳ ಸಮಯದಲ್ಲಿ ಅವನು ಎದ್ದು ನಿಂತ.

"ಸರ್, ನಾನು ಹೀಗೆ ಹೇಳಿಲ್ಲ."

ಸಭೆ ಇವನತ್ತ ತಿರುಗಿತು. ಕರ್ನಲ್ ಕನ್ನಡಕ ತೆಗೆದು ಒರೆಸಿಕೊಂಡರು. "ಧರ್ಮಪಾಲ, ಹಳೆಯ ವಿಷಯ ಅದು. ಆಮೇಲೆ ಕುಳಿತು ಮಾತಾಡುವ."

"ಅವರು ಹೋಗಲಿಲ್ಲ ಸರ್. ಹೋದದ್ದು ನಾವು. ತುಕಡಿ ಬರುತ್ತದೆಂದು ನನ್ನ ಬಾಯಲ್ಲೇ ಹೇಳಿಸಿದಿರಿ."

ನಿರೂಪಕಿ ಸಮಯವಾಯಿತೆಂದು ವಂದನಾರ್ಪಣೆಗೆ ಕರೆದಳು.

ಹೊರಗೆ ಕಾರಿನ ಹತ್ತಿರ ಕರ್ನಲ್ ಅವನ ಹೆಗಲ ಮೇಲೆ ಕೈಯಿಟ್ಟು ತುಳುವಿಗೆ ಹೊರಳಿದರು. "ಬದಲಿ ತುಕಡಿ ಇಲ್ಲವೆಂದು ನನಗೆ ಗೊತ್ತಿತ್ತು, ಮಾರಾಯ. ಅದು ಆ ಜನರಿಗೆ ಗೊತ್ತಾಗಿದ್ದರೆ ನಮ್ಮ ಲಾರಿಗಳಿಗೆ ಅಡ್ಡ ಮಲಗುತ್ತಿದ್ದರು. ನನಗೆ ನಮ್ಮ ಹುಡುಗರನ್ನು ಅಲ್ಲಿಂದ ಹೊರಡಿಸಬೇಕಿತ್ತು."

ಧರ್ಮಪಾಲ ಆ ಕೈಯನ್ನು ಹೆಗಲಿನಿಂದ ಇಳಿಸಿದ. ಅದೇ ಭಾಷೆಯಲ್ಲಿ ಉತ್ತರಿಸಲು ಅವನಿಗೆ ಮನಸ್ಸು ಬರಲಿಲ್ಲ. "ಹಾಗಾದರೆ ಅದನ್ನೇ ಬರೆಯಿರಿ ಸರ್," ಎಂದ ಕನ್ನಡದಲ್ಲಿ. "ನನ್ನ ಹೆಸರು ತೆಗೆಯಿರಿ."

ಎರಡು ತಿಂಗಳ ನಂತರ ತಿದ್ದಿದ ಪ್ರತಿ ಅಂಚೆಯಲ್ಲಿ ಬಂತು. ರಜೆಗೆ ಬಂದಿದ್ದ ಚೈತನ್ಯಾ ಜಗಲಿಯಲ್ಲಿ ಕುಳಿತು ಪೂರ್ತಿ ಓದಿದಳು. ಅವನ ಹೆಸರು ತೆಗೆದಿದ್ದರು. ಆ ಊರನ್ನೂ, ಇನ್ನೂರು ಮಂದಿಯನ್ನೂ ತೆಗೆದಿದ್ದರು.

ಧರ್ಮಪಾಲ ಪುಸ್ತಿಕೆಯನ್ನು ಮುಚ್ಚಿ ಬದಿಗಿಟ್ಟ. "ನಿನಗೆ ಇಂಗ್ಲಿಷಿನಲ್ಲಿ ಬರೆಯಲು ಆಗುತ್ತದಲ್ವಾ?" ಎಂದು ಕೇಳಿದ.

"ಆಗುತ್ತದೆ ಅಪ್ಪ. ಯಾರಿಗೆ ಕಳಿಸುವುದು?"

"ಅದು ಆಮೇಲೆ. ಮೊದಲು ಜೋಸೆಫರ ಹೆಸರು ಬರೆ."