ಬಾಯಿಗೆ ಬಂದ ಗುರಿ

ಕ್ಷೌರದವನೆಂದರೆ ಬಾಯಿ ಕತ್ತರಿಗಿಂತ ಚುರುಕಾಗಿರಬೇಕು ಎಂಬುದು ಲೋಕದ ಮಾತು. ಈತನ ವಿಷಯದಲ್ಲಿ ಆ ಲೆಕ್ಕ ತಲೆಕೆಳಗಾಗಿತ್ತು. ಗಿರಾಕಿ ಬಂದು ಕೂತರೆ ‘ಸಣ್ಣಗೋ, ಮಧ್ಯಮವೋ’ ಎಂದು ಕೇಳುತ್ತಿದ್ದ. ಮುಗಿದ ಮೇಲೆ ತಲೆಯ ಹಿಂದೆ ಕನ್ನಡಿ ಹಿಡಿಯುತ್ತಿದ್ದ. ನಡುವೆ ಕತ್ತರಿಯದೇ ಮಾತು. ಬೀದಿಯವರೆಲ್ಲ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ವಾಸ. ತಾಯಿ ಇದ್ದಷ್ಟು ದಿನ ಗೋಡೆಯಾಚೆಯಿಂದ ಕೆಮ್ಮಾದರೂ ಕೇಳಿಸುತ್ತಿತ್ತು; ಆಕೆ ತೀರಿಕೊಂಡ ಮೇಲೆ ಅದೂ ಇಲ್ಲ. ಭಾನುವಾರ ಚರ್ಚಿನ ಸಭೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಆಶೀರ್ವಾದ ಮುಗಿಯುತ್ತಲೇ ಯಾರ ಕಣ್ಣಿಗೂ ಬೀಳದೆ ಜಾರಿಕೊಳ್ಳುತ್ತಿದ್ದ.

ವರ್ಷದ ಮೊದಲ ಭಾನುವಾರ ಪಾಸ್ಟರು ಹೊಸದೊಂದು ಪದ್ಧತಿ ತಂದರು.

“ಮನೆ ಕಟ್ಟೋಕೆ, ಮಗಳ ಮದುವೆಗೆ ಎಲ್ಲಾ ಗುರಿ ಇಟ್ಕೋತೀವಿ. ಕರ್ತನ ಕೆಲಸಕ್ಕೆ ಮಾತ್ರ ‘ನೋಡೋಣ’ ಅಂತೀವಿ. ಈ ಸಲ ಒಬ್ಬೊಬ್ಬರೂ ಎದ್ದು ನಿಂತು ಒಂದೊಂದು ಗುರಿ ಹೇಳಿ.”

ಒಬ್ಬರು ಸತ್ಯವೇದ ಪೂರ್ತಿ ಓದುವೆ ಎಂದರು. ಇನ್ನೊಬ್ಬರು ಮಕ್ಕಳಿಗೆ ಹಾಡು ಕಲಿಸುವೆ ಎಂದರು. ಸರದಿ ಕೊನೆಯ ಬೆಂಚಿಗೆ ಬಂದಾಗ ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಮೌನಿ ಬೆಂಚು ಹಿಡಿದು ಎದ್ದು ನಿಂತ.

“ನಾನು... ನನ್ನ ಕುರ್ಚೀಲಿ ಕೂತೋರಿಗೆಲ್ಲ ಯೇಸುವಿನ ಸುವಾರ್ತೆ ಹೇಳ್ತೀನಿ” ಎಂದುಬಿಟ್ಟ.

ಸೂರು ಹಾರಿಹೋಗುವಂತೆ ‘ಆಮೆನ್’ ಕೇಳಿಬಂತು. ಬಾಗಿಲಲ್ಲಿ ಜನ ಅಡ್ಡಗಟ್ಟಿ ಅವನ ಕೈ ಕುಲುಕಿದರು. ದಿನವೆಲ್ಲ ಬೇರೆಯವರ ತಲೆ ಮುಟ್ಟುವ ಅವನನ್ನು ಇನ್ನೊಬ್ಬರು ಮುಟ್ಟಿ ಎಷ್ಟು ಕಾಲವಾಗಿತ್ತೋ! ಅಂಗಡಿಗೆ ಬಂದವನೇ ಕನ್ನಡಿಯ ಮುಂದೆ ನಿಂತು ಹೇಳಬೇಕಾದ ಮಾತನ್ನು ಉರು ಹೊಡೆದ.

ಮರುದಿನ ಮೊದಲು ಸಿಕ್ಕವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹಳೆಯ ಗಿರಾಕಿ, ದೇವರೆಂದರೆ ಅಷ್ಟಕ್ಕಷ್ಟೆ. ಮೌನಿ ಅವರ ಮುಖಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ತಂದು, ತೊದಲಿದ:

“ಮೇಷ್ಟ್ರೇ, ಈ ಕ್ಷಣ ನಿಮ್ಮ ಪ್ರಾಣ ಹೋದ್ರೆ ಎಲ್ಲಿಗೆ ಹೋಗ್ತೀರಿ?”

ಮೇಷ್ಟ್ರು ಕಣ್ಣು ಬಿಟ್ಟರು. ಕತ್ತಿ ನೋಡಿದರು, ಮೌನಿಯ ಮುಖ ನೋಡಿದರು. “ಮೊದಲು ಮನೆಗೆ ಹೋಗ್ತೀನಿ ಕಣಪ್ಪ” ಎಂದವರೇ ನೊರೆ ಮೆತ್ತಿದ ಮುಖದಲ್ಲೇ, ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಬೀದಿಗಿಳಿದರು.

ಸುದ್ದಿಗೆ ಕಾಲು ಬಂತು. ಬೀದಿ ನಕ್ಕಿತು, ಗಿರಾಕಿಗಳು ಪಕ್ಕದ ಬೀದಿಯ ಅಂಗಡಿಗೆ ಸರಿದರು. ಬಂದ ಒಬ್ಬಿಬ್ಬರೂ ‘ಕಟಿಂಗ್ ಸಾಕು, ಉಪದೇಶ ಬೇಡ’ ಎಂದು ಮೊದಲೇ ಹೇಳಿ ಕೂರುತ್ತಿದ್ದರು. ಆದರೂ ಮೌನಿ ಬಿಡಲಿಲ್ಲ, ಸಭೆಯ ಮುಂದೆ ಕೊಟ್ಟ ಮಾತಲ್ಲವೇ? ಕೊನೆಗೆ ಉಳಿದದ್ದು ನೊಣ ಹೊಡೆಯುವ ಕೆಲಸ. ಖಾಲಿ ಕುರ್ಚಿಯನ್ನೇ ದಿನವಿಡೀ ಒರೆಸುತ್ತಿದ್ದ. ಸಭೆಯಲ್ಲಿ “ಎಷ್ಟು ಜನಕ್ಕೆ ಹೇಳಿದ್ರಿ?” ಎಂದು ಕೇಳುವವರಿದ್ದರೇ ಹೊರತು “ಊಟ ಆಯ್ತಾ?” ಎಂದು ಕೇಳುವವರಿರಲಿಲ್ಲ.

ಕಡೆಗೆ ಒಂದು ದಿನ ಪಾಸ್ಟರ ಮನೆಗೆ ಹೋದ. ಅವರು ಸೋರುವ ನಲ್ಲಿ ಬಿಚ್ಚಿಕೊಂಡು ಕೂತಿದ್ದರು.

“ನನ್ನ ಕೈಲಿ ಆಗ್ಲಿಲ್ಲ ಅಯ್ಯನವರೇ.”

“ಆ ಗುರಿ ಪ್ರಾರ್ಥನೆ ಮಾಡಿ ಇಟ್ಕೊಂಡಿದ್ದಾ?”

“ಇಲ್ಲ. ಎಲ್ಲರೂ ನೋಡ್ತಿದ್ರು. ಬಾಯಿಗೆ ಬಂದದ್ದು ಹೇಳ್ದೆ.”

ಪಾಸ್ಟರು ನಗಲಿಲ್ಲ. ಒದ್ದೆ ಕೈ ಒರೆಸಿಕೊಂಡರು. “ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದ್ದು ನನ್ನ ತಪ್ಪು. ನನ್ನ ಗುರಿ ಏನು ಗೊತ್ತಾ? ಬೆಳಗಿನ ಜಾವ ಎದ್ದು ಪ್ರಾರ್ಥನೆ. ಅಲಾರಾಂ ಏಳುತ್ತೆ, ನಾನು ಏಳಲ್ಲ.” ನಲ್ಲಿಯನ್ನು ಪಕ್ಕಕ್ಕಿಟ್ಟು ಹೇಳಿದರು: “ಕೈಗೆಟಕೋ ಗುರಿ ಇಟ್ಕೊಳ್ಳಿ. ಯಾರ ತಲೆ ನಿಮ್ಮ ಕೈಲಿರುತ್ತೋ ಅವರಿಗಾಗಿ ಮನಸ್ಸಲ್ಲೇ ಒಂದು ಪ್ರಾರ್ಥನೆ. ಬಾಯಿ ಬಿಡೋದು ಅವರು ಕೇಳಿದ್ರೆ ನೋಡ್ಕೊಳ್ಳೋಣ.”

ಅದು ಮೌನಿಗೆ ಒಗ್ಗಿತು. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಮೇಷ್ಟ್ರು ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ಅವರ ಸೊಸೆ ಅಂಗಡಿಯ ಬಾಗಿಲಿಗೆ ಬಂದಳು. “ಅಣ್ಣಾ, ಮಾವನಿಗೆ ಲಕ್ವ ಹೊಡೀತು, ಹಾಸಿಗೆ ಹಿಡಿದಿದಾರೆ. ಗಡ್ಡ ಬೆಳೆದುಹೋಗಿದೆ, ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ. ನಿಮ್ಮನ್ನೇ ಕರ್ಕೊಂಡು ಬಾ ಅಂದ್ರು. ಆದ್ರೆ... ಎಲ್ಲಿಗೆ ಹೋಗ್ತೀರಿ ಅಂತ ಮಾತ್ರ ಕೇಳ್ಬೇಡಿ.”

ಕಿಟಕಿಯ ಪಕ್ಕ ಮಂಚ, ಔಷಧದ ವಾಸನೆ, ಮೂಲೆಯಲ್ಲಿ ಬಣ್ಣ ಒಣಗಿ ಗಟ್ಟಿಯಾದ ಕುಂಚಗಳು. ಜೋತುಬಿದ್ದ ಎಡಗೆನ್ನೆಯನ್ನು ಹೆಬ್ಬೆರಳಿಂದ ಮೆಲ್ಲಗೆ ಎಳೆದು ಹಿಡಿದು ಮೌನಿ ಗಡ್ಡ ತೆಗೆದ. ಅಂದಿನಿಂದ ವಾರವಾರವೂ ಹೋಗತೊಡಗಿದ.

ಒಂದು ಸಂಜೆ ಮೇಷ್ಟ್ರು ಎಳೆದೆಳೆದು ಕೇಳಿದರು: “ನಿನ್ನ ತುಟಿ ಅಲ್ಲಾಡ್ತಿರುತ್ತಲ್ಲ, ಏನೋ ಅದು?”

“ಪ್ರಾರ್ಥನೆ, ಮೇಷ್ಟ್ರೇ. ನಿಮಗೋಸ್ಕರ.”

“ಜೋರಾಗಿ ಹೇಳು, ಕೇಳೋಣ.”

ಮೌನಿ ಕತ್ತಿ ಕೆಳಗಿಟ್ಟ. “ಕರ್ತನೇ, ಮೇಷ್ಟ್ರಿಗೆ ನಿದ್ದೆ ಕೊಡು. ಕೈಗೆ ಬಲ ಕೊಡು. ಇವರನ್ನ ಒಂಟಿಯಾಗಿ ಬಿಡಬೇಡ. ಆಮೆನ್.”

“ಇಷ್ಟೇನಾ?”

“ಇಷ್ಟೇ ಬರೋದು.”

ಮೇಷ್ಟ್ರು ಕಿಟಕಿಯತ್ತ ನೋಡಿದರು. ಕಣ್ಣಂಚಿನಿಂದ ಹನಿಯೊಂದು ನೊರೆಯೊಳಗೆ ಇಳಿಯಿತು. “ನಿನಗೋಸ್ಕರ ಯಾರು ಮಾಡ್ತಾರೋ?”

ಅಮ್ಮ ಮಾಡ್ತಿದ್ಲು ಎನ್ನಲು ಹೋದವನು ಕತ್ತಿಯನ್ನು ಮತ್ತೆ ಕೈಗೆತ್ತಿಕೊಂಡ.

“ನಂಗೆ ಅವೆಲ್ಲ ಬರಲ್ಲ. ನಂಬಿಕೇನೂ ಇಲ್ಲ” ಎಂದರು ಮೇಷ್ಟ್ರು. “ಆದ್ರೂ ಮುಗಿದ ತಕ್ಷಣ ಓಡಿಹೋಗ್ಬೇಡ. ಒಂಚೂರು ಕೂತ್ಕೋ. ನನಗೂ ಸಂಜೆ ಕಳೆಯಲ್ಲ.”

ಜನರನ್ನು ಕೂರಿಸಿ ತಾನು ನಿಂತೇ ಬದುಕಿದವನು ಸ್ಟೂಲಿನ ತುದಿಯಲ್ಲಿ ಕೂತ. ಸೊಸೆ ಚಹಾ ತಂದಿಟ್ಟಳು. ಬೆಳಕು ಇಳಿಯುವವರೆಗೂ ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದರು.

ಮೇಷ್ಟ್ರ ಕೈಗೆ ಬಲ ಬರಲಿಲ್ಲ. ನಂಬಿಕೆಯೂ ಬಂದಂತೆ ಕಾಣಲಿಲ್ಲ. ಮೌನಿ ಮಾತ್ರ ವಾರಕ್ಕೊಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಹಾಸಿಗೆ ಹಿಡಿದವರ ಮನೆಮನೆಗೆ ಕ್ಷೌರಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡ. ಸಭೆಯಲ್ಲಿ ಅದನ್ನು ಎದ್ದು ನಿಂತು ಹೇಳಲಿಲ್ಲ. ಕತ್ತಲಾಗುವವರೆಗೂ ಕೂರಬಹುದೆಂದು ಮೇಷ್ಟ್ರ ಮನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಅಲ್ಲಿಂದಾಚೆ ಹೋಗಲು ಅವನಿಗೆ ತನ್ನ ಕೋಣೆಯ ಹೊರತು ಬೇರೆ ಜಾಗವಿರಲಿಲ್ಲ.